ಸ್ಪೆಷಲ್ ಟೂಲಿನ ಅಜ್ಞಾತವಾಸ

ಗ್ಯಾರೇಜಿನಲ್ಲಿ ಸ್ಪ್ಯಾನರುಗಳನ್ನು ಕರೆಯುವುದೇ ನಂಬರಿನಿಂದ. "ಲೋ, ಹತ್ತು-ಹನ್ನೊಂದು ಕೊಡೋ" ಎಂದು ಮೇಸ್ತ್ರಿ ಗಾಡಿಯಡಿಯಿಂದ ಕೈಚಾಚಿದರೆ ಹುಡುಗ ಹನ್ನೆರಡು-ಹದಿಮೂರು ಕೊಡುತ್ತಾನೆ. ಹತ್ತು-ಹನ್ನೊಂದು ಇದ್ದರಲ್ಲವೇ ಕೊಡೋದು! ಬೈಕಿನ ತುಂಬಾ ಇರುವ 6 ಮಿ.ಮೀ. ಬೋಲ್ಟಿನ ತಲೆಗೆ ಸಾಮಾನ್ಯವಾಗಿ ಹತ್ತರ ಸ್ಪ್ಯಾನರೇ ಬೇಕು. ಎಲ್ಲರೂ ಎತ್ತಿಕೊಳ್ಳುತ್ತಾರೆ, ಇಡುವವರೊಬ್ಬರೂ ಇಲ್ಲ.

ಹೋಗಲಿ ಬಿಡಿ, ಅದು ಯಾವ ಅಂಗಡಿಯಲ್ಲಾದರೂ ಸಿಗುತ್ತದೆ. ತಮಾಷೆಯೆಲ್ಲ ಸ್ಪೆಷಲ್ ಟೂಲುಗಳದು. ಮ್ಯಾಗ್ನೆಟ್ ಪುಲ್ಲರ್, ಕ್ಲಚ್ ಹೋಲ್ಡರ್, ಟೈಮಿಂಗ್ ಲಾಕ್ ಪಿನ್ನು: ಈ ಮಾಡೆಲ್ಲಿನದು ಆ ಮಾಡೆಲ್ಲಿಗೆ ಕೂರುವುದಿಲ್ಲ. ಅಪರೂಪಕ್ಕೆ ಬೇಕಾಗುವ ಇವುಗಳ ವಿಳಾಸ, ಹಳೇ ಆಯಿಲ್ ಡಬ್ಬ. ಡಬ್ಬ ಬೋರಲಾಗುತ್ತದೆ, ನಟ್ಟು, ವಾಷರ್, ಯಾರದೋ ಬೀಗದಕೈ ಎಲ್ಲ ಉರುಳುತ್ತವೆ, ಪುಲ್ಲರ್ ಮಾತ್ರ ಇಲ್ಲ. ಆಗ ಸುತ್ತಿಗೆ ಬರುತ್ತದೆ. ಅದರ ಹಿಂದೆಯೇ "ಮ್ಯಾಗ್ನೆಟ್ಟೂ ಹೋಗಿದೆ ಸಾರ್" ಎಂಬ ಮಾತೂ ಬಿಲ್ಲೂ ಬರುತ್ತವೆ.

ಟಾರ್ಕ್ ವ್ರೆಂಚಿನ ಪಾಡು ಇನ್ನೂ ಘೋರ. ಅಳತೆ ಮಾಡಿ ಬಿಗಿಯಲೆಂದು ತಂದದ್ದು, ಹಿಡಿ ಉದ್ದವಿದೆ ಅನ್ನೋ ಒಂದೇ ತಪ್ಪಿಗೆ ತುಕ್ಕುಹಿಡಿದ ನಟ್ಟು ಬಿಚ್ಚುವ ಕೂಲಿಗೆ ಬೀಳುತ್ತದೆ. ಕೆಲಸವಾದ ಮೇಲೆ ಅದನ್ನು ಕನಿಷ್ಠ ಅಳತೆಗೆ ತಿರುಗಿಸಿ, ಪೆಟ್ಟಿಗೆಯಲ್ಲಿಡಬೇಕು. ಇಲ್ಲವೆಂದರೆ ಒಳಗಿನ ಸ್ಪ್ರಿಂಗು ಸೋತು, ವ್ರೆಂಚು ಸುಳ್ಳು ಹೇಳಲು ಕಲಿಯುತ್ತದೆ.

ನಮ್ಮವರಿಗೆ ಜೋಡಿಸಲು ಬರುವುದಿಲ್ಲ ಅಂದುಕೊಳ್ಳಬೇಡಿ. ಆಯುಧ ಪೂಜೆಗೆ ಹೋಗಿ ನೋಡಿ! ಡೀಸೆಲ್ ಸ್ನಾನ ಮುಗಿಸಿದ ಟೂಲುಗಳು ಕುಂಕುಮ ಇಟ್ಟುಕೊಂಡು, ಎತ್ತರದ ಪ್ರಕಾರ ಸಾಲಾಗಿ ಮಲಗಿರುತ್ತವೆ. ವಿಂಗಡಿಸು, ಜೋಡಿಸು, ಚೊಕ್ಕಟವಿಡು ಎಂದು ಜಪಾನಿನವರು 5ಎಸ್ ಹೆಸರಿನಲ್ಲಿ ದಿನಾ ಮಾಡುವುದನ್ನು ನಾವು ನವಮಿಗೊಮ್ಮೆ ಮಾಡುತ್ತೇವೆ. ಐದನೆಯ ಎಸ್ ಅಂದರೆ ಬಿಡದೆ ಪಾಲಿಸುವ ಶಿಸ್ತು. ನಮ್ಮಲ್ಲಿ ಅದು ದಶಮಿಯ ರಜೆಗೆ ಹೋದದ್ದು ತಿರುಗಿ ಬರುವುದಿಲ್ಲ.

ಮದ್ದೇನೂ ದುಬಾರಿಯಲ್ಲ. ಒಂದು ಪ್ಲೈವುಡ್ ಹಲಗೆ, ಮೊಳೆಗಳು, ಪ್ರತಿ ಟೂಲಿನ ಸುತ್ತ ಅದರದೇ ಆಕಾರದ ಬಣ್ಣದ ಗೆರೆ, ಪಕ್ಕದಲ್ಲಿ ಮಾಡೆಲ್ಲಿನ ಹೆಸರು. ತೆಗೆದವನು ಆ ಮೊಳೆಗೆ ತನ್ನ ಹೆಸರಿನ ಬಿಲ್ಲೆ ತಗುಲಿಸಲಿ. ಶಟರ್ ಎಳೆಯುವ ಮೊದಲು ಬಿಲ್ಲೆ ನೋಡಿದರೆ ಮುಗಿಯಿತು, ಪೊಲೀಸ್ ವಿಚಾರಣೆ ಬೇಕಿಲ್ಲ.

ಗಿರಾಕಿ ಮಹಾಶಯರೇ, ನಗಬೇಡಿ. "ಒಂದ್ನಿಮಿಷ ಸ್ಪ್ಯಾನರ್ ಕೊಡಿ, ಕನ್ನಡಿ ಟೈಟ್ ಮಾಡ್ಕೊಂಡು ಕೊಡ್ತೀನಿ" ಎಂದು ಒಯ್ದವರು ನೀವೇ ಆಗಿದ್ದರೆ, ದಯವಿಟ್ಟು ಸೀಟಿನಡಿ ಒಮ್ಮೆ ಹುಡುಕಿ.