ಚಿಲ್ಲರೆ ವ್ಯವಹಾರ

ಅಮೆರಿಕದಲ್ಲಿರುವ ಮಗಳ ಮನೆಗೆ ಹೋದ ಅಪ್ಪ-ಅಮ್ಮಂದಿರಿಗೆ ನಯಾಗರ ತೋರಿಸುವುದು, ಬಾಲಾಜಿ ದೇವಸ್ಥಾನ ತೋರಿಸುವುದು, ಕಾಸ್ಟ್‌ಕೋದಲ್ಲಿ ತಳ್ಳುಗಾಡಿ ಹಿಡಿಸುವುದು ಪದ್ಧತಿ. ನಮ್ಮ ಅಳಿಯಂದಿರು ಈ ಮೂರನ್ನೂ ಬೇಗಬೇಗ ಮುಗಿಸಿ, "ಮಾವ, ಈಗ ನಿಮಗೆ ನನ್ನ ಕ್ಷೇತ್ರ ತೋರಿಸ್ತೀನಿ" ಎಂದು ಕಾರು ಹತ್ತಿಸಿದರು. ಶಿಕಾಗೋ ಊರು ದಾಟಿ, ಜೋಳದ ಹೊಲ ದಾಟಿ, ನಮ್ಮ ಕಲ್ಯಾಣ ಮಂಟಪಗಳನ್ನು ಹತ್ತಾರು ಒಳಗಿಡಬಹುದಾದಂಥ ಒಂದು ಸಭಾಂಗಣದ ಮುಂದೆ ಇಳಿಸಿದರು. ಒಳಗೆ ಕಾಲಿಟ್ಟರೆ ಕಣ್ಣಿಗೆ ಬಿದ್ದದ್ದೆಲ್ಲ ಕಾಸು ಹಾಕಿದರೆ ಕೆಲಸ ಮಾಡುವ ಹಳೆಯ ಯಂತ್ರಗಳು. ಹಾಡುವವು, ಜೂಜಾಡಿಸುವವು, ಮಿಠಾಯಿ ಕೊಡುವವು, ಭವಿಷ್ಯ ಹೇಳುವವು. ಜೊತೆಗೆ ಸೋಡಾ ಕಂಪನಿಗಳ ತಗಡಿನ ಬೋರ್ಡು, ಪೆಟ್ರೋಲ್ ಬಂಕಿನ ಗಾಜಿನ ಬುರುಡೆ, ಬೀಗದ ಕೈ ಕಳೆದುಹೋದ ಡಬ್ಬಿ. ನಮ್ಮ ಮನೆಯಾಕೆ ಒಂದು ಸುತ್ತು ಕಣ್ಣಾಡಿಸಿ, "ಅಟ್ಟದ ಮೇಲಿದ್ದದ್ದನ್ನೆಲ್ಲ ಗುಜರಿಯವನಿಗೆ ಹಾಕಿ ಬಂದ್ವಲ್ರೀ, ಒಂದು ಮಾತು ಮೊದಲೇ ಹೇಳಿದ್ರೆ ವಿಮಾನದಲ್ಲಿ ತರಬಹುದಿತ್ತು" ಎಂದಳು.

ಅಳಿಯಂದಿರು ಅಂಗೈಗೆ ಒಂದಿಷ್ಟು ಕ್ವಾರ್ಟರ್ ಸುರಿದರು. ಕ್ವಾರ್ಟರ್ ಎಂದರೆ 25 ಸೆಂಟು, ಅಲ್ಲಿನ ನಾಲ್ಕಾಣೆ. ಅದನ್ನು ಹಿಡಿದು ನಾನು ಹೋಗಿ ನಿಂತದ್ದು ಗಾಜಿನ ಪೆಟ್ಟಿಗೆಯೊಳಗೆ ಕೂತ ಒಬ್ಬಳು ಅಜ್ಜಿಯ ಮುಂದೆ. ಮೇಣದ ಮುಖ, ನರೆತ ಕೂದಲು, ಮುಂದೆ ಹರಡಿಕೊಂಡ ಇಸ್ಪೀಟೆಲೆ. ನಾಣ್ಯ ಹಾಕಿದೆ. ಅಜ್ಜಿ ಕತ್ತು ಆಡಿಸಿದಳು, ಎದೆ ಏರಿಳಿಯಿತು, ಕೈ ಎಲೆಗಳ ಮೇಲೆ ಅತ್ತಿಂದಿತ್ತ ಸವರಿತು, ಕೆಳಗಿನ ಕಿಂಡಿಯಿಂದ ಒಂದು ಚೀಟಿ ಉದುರಿತು. ನನ್ನ ಏಕಾಂಗಿ ಜೀವನ ಇನ್ನೇನು ಕೊನೆಯಾಗಲಿದೆ, ಈ ವರ್ಷದೊಳಗೆ ಯೋಗ್ಯ ವಧು ಸಿಗುತ್ತಾಳೆ ಎಂದು ಅದರಲ್ಲಿತ್ತು. ಎಪ್ಪತ್ತು ದಾಟಿದ ಮೇಲೆ ಕಂಕಣಬಲ ಕೂಡಿಬಂದದ್ದು ನಮ್ಮ ವಂಶದಲ್ಲಿ ನಾನೇ ಮೊದಲು. ಮನೆಯಾಕೆ ಚೀಟಿಯನ್ನು ನನ್ನ ಕೈಯಿಂದ ತೆಗೆದುಕೊಂಡು, ಮಡಿಸಿ, ತನ್ನ ಪರ್ಸಿನಲ್ಲಿ ಪಾಸ್‌ಪೋರ್ಟಿನ ಪಕ್ಕ ಇಟ್ಟುಕೊಂಡಳು. ಈವತ್ತಿಗೂ ಅದು ಅಲ್ಲೇ ಇದೆ. ಯಾವ ಕೇಸಿಗೆ ಸಾಕ್ಷಿಯೋ ಗೊತ್ತಿಲ್ಲ.

ಇಂಥ ಯಂತ್ರಭವಿಷ್ಯ ನಮಗೇನು ಹೊಸದೇ? ಅರಸೀಕೆರೆ ಜಂಕ್ಷನ್ನಿನಲ್ಲಿ ಗಾಡಿ ಬದಲಾಯಿಸಲು ಕಾದು ಕೂತ ನನ್ನ ತಲೆಮಾರಿನವರಿಗೆಲ್ಲ ತೂಕದ ಯಂತ್ರ ಗೊತ್ತು. ಮುಂದೆ ಕನ್ನಡಿ, ಒಳಗೆ ತಿರುಗುವ ಬಣ್ಣದ ಚಕ್ರ, ಮಿಣಮಿಣ ಬಲ್ಬು. ಮೇಲೆ ಹತ್ತಿ, ಚಕ್ರ ನಿಲ್ಲುವತನಕ ಉಸಿರು ಬಿಗಿಹಿಡಿದು, ನಾಣ್ಯ ಹಾಕಬೇಕು. ಖಟಕ್ ಎಂದು ರೈಲ್ವೆ ಟಿಕೇಟಿನಂಥ ದಪ್ಪ ರಟ್ಟಿನ ಚೀಟಿ ಬೀಳುತ್ತಿತ್ತು. ಒಂದು ಬದಿಗೆ ತೂಕ, ಇನ್ನೊಂದು ಬದಿಗೆ ಭವಿಷ್ಯ. ಅದೃಷ್ಟವಿದ್ದರೆ ಸಿನಿಮಾ ತಾರೆಯ ಚಿತ್ರವೂ ಉಂಟು. ತೂಕ ಹೆಚ್ಚುಕಮ್ಮಿ ಇರಬಹುದು, ಭವಿಷ್ಯ ಮಾತ್ರ ಯಾವತ್ತೂ ಕೆಟ್ಟದಾಗಿ ಬರುತ್ತಿರಲಿಲ್ಲ. ನೀವು ಉದಾರಿಗಳು, ಜನ ನಿಮ್ಮನ್ನು ತಪ್ಪು ತಿಳಿಯುತ್ತಾರೆ ಎಂದು ಬಂದರೆ ಯಾರು ತಾನೇ ಒಪ್ಪುವುದಿಲ್ಲ? ನಾಣ್ಯಕ್ಕೆ ದಾರ ಕಟ್ಟಿ ಇಳಿಬಿಟ್ಟು, ಚೀಟಿ ಬಿದ್ದ ಮೇಲೆ ನಾಣ್ಯವನ್ನು ಮೇಲಕ್ಕೆಳೆದುಕೊಳ್ಳುವ ಪ್ರತಿಭಾವಂತರೂ ಆಗ ಇದ್ದರು. ಅಮೆರಿಕದಲ್ಲಿ ಇದೇ ಜಾತಿಯ ಜನ ನಾಣ್ಯದ ಬದಲು ಕಬ್ಬಿಣದ ವಾಷರ್ ಹಾಕುತ್ತಿದ್ದರಂತೆ. ಅದಕ್ಕೆಂದೇ ನಾಣ್ಯ ಉರುಳುವ ದಾರಿಯಲ್ಲಿ ಒಂದು ಅಯಸ್ಕಾಂತ ಕೂರಿಸಿದರು. ಕಬ್ಬಿಣವಾದರೆ ಅಲ್ಲೇ ಅಂಟಿಕೊಂಡು ಕಳ್ಳತನ ಬಯಲಾಗುತ್ತಿತ್ತು.

ಕಾಸಿಗೆ ಕೆಲಸ ಮಾಡುವ ಯಂತ್ರದ ಮೂಲಪುರುಷ ಅಲೆಕ್ಸಾಂಡ್ರಿಯಾದ ಹೀರೋ ಎನ್ನುತ್ತಾರೆ. ಕ್ರಿಸ್ತಶಕ ಒಂದನೇ ಶತಮಾನದವನು. ನಾಣ್ಯ ಒಂದು ತಟ್ಟೆಯ ಮೇಲೆ ಬೀಳುತ್ತದೆ, ಭಾರಕ್ಕೆ ತಟ್ಟೆ ವಾಲುತ್ತದೆ, ಸನ್ನೆ ಎದ್ದು ಕವಾಟ ತೆರೆಯುತ್ತದೆ; ನಾಣ್ಯ ಜಾರಿ ಕೆಳಗೆ ಬೀಳುವವರೆಗೆ ನೀರು ಸುರಿದು ನಿಲ್ಲುತ್ತದೆ. ಎಲ್ಲಿಗೆ ಮಾಡಿದ್ದು ಅಂತೀರಿ? ದೇವಸ್ಥಾನಕ್ಕೆ. ತೀರ್ಥ ಕೊಡುವುದಕ್ಕೆ. ನಮ್ಮೂರಿನ ಅರ್ಚಕರಿಗೆ ಈ ವಿಷಯ ನಾನು ಹೇಳಿಲ್ಲ. ತಟ್ಟೆಗೆ ಬಿದ್ದ ದಕ್ಷಿಣೆಯ ಸದ್ದು ಕೇಳಿಯೇ ಉದ್ಧರಣೆಯಲ್ಲಿ ತೀರ್ಥದ ಪ್ರಮಾಣ ನಿರ್ಧರಿಸುವ ವಿದ್ಯೆ ಅವರಿಗೆ ಮೊದಲೇ ಸಿದ್ಧಿಸಿದೆ.

ಎಲ್ಲಿಂದೆಲ್ಲಿಗೋ ಹೋದೆ. ಅಳಿಯಂದಿರ ಇಷ್ಟದೈವ ಜೂಕ್‌ಬಾಕ್ಸ್, ಎಂದರೆ ಕಾಸು ಹಾಕಿದರೆ ಹಾಡುವ ಪೆಟ್ಟಿಗೆ. 1889ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಹೆಂಡದಂಗಡಿಯಲ್ಲಿ ಲೂಯಿ ಗ್ಲಾಸ್ ಎಂಬಾತ ಎಡಿಸನ್ ಫೋನೋಗ್ರಾಫಿಗೆ ಕಾಸಿನ ಕಿಂಡಿ ಜೋಡಿಸಿದ್ದರಿಂದ ಇದರ ಸಂತಾನ ಶುರುವಾಯಿತು. ಆಗ ಸ್ಪೀಕರಿಲ್ಲ; ಐದು ಸೆಂಟು ಹಾಕಿ, ಕೊಳವೆಯನ್ನು ಕಿವಿಗಿಟ್ಟುಕೊಂಡು ಒಬ್ಬೊಬ್ಬರೇ ಕೇಳಬೇಕಿತ್ತು. ಇವತ್ತು ಬಸ್ಸಿನಲ್ಲಿ ನಮ್ಮ ಹುಡುಗರು ಕೂತಿರುತ್ತಾರಲ್ಲ, ಕಿವಿಗೆ ಸಿಕ್ಕಿಸಿಕೊಂಡು, ಥೇಟ್ ಹಾಗೆಯೇ. ನಡುವಿನ ಒಂದಿಷ್ಟು ದಶಕ ಮಾತ್ರ ಒಬ್ಬ ಕಾಸು ಕೊಟ್ಟರೆ ಅಂಗಡಿಗೆ ಅಂಗಡಿಯೇ ಕೇಳುವ ಉದಾರ ಕಾಲವಾಗಿತ್ತು. ಮುಂಬಯಿಯ ಇರಾನಿ ಹೋಟೆಲುಗಳಲ್ಲಿ ಇಂಥ ಪೆಟ್ಟಿಗೆಗಳಿದ್ದವು. ಅಲ್ಲಿ ಕೆಲಸಕ್ಕಿದ್ದ ನಮ್ಮ ಚಿಕ್ಕಪ್ಪ, ಚಹಾ ತನ್ನ ದುಡ್ಡಿನದು, ಹಾಡು ಪಕ್ಕದ ಟೇಬಲಿನವರದು ಎಂಬ ನಿಯಮವನ್ನು ಕೊನೆತನಕ ಪಾಲಿಸಿದ.

ಸಭಾಂಗಣದ ನಡುಮಧ್ಯೆ ಪಟ್ಟದಾನೆಯ ಗತ್ತಿನಲ್ಲಿ ನಿಂತದ್ದು ವುರ್ಲಿಟ್ಜರ್ 1015. 1946ರ ಮಾದರಿ, ಪಾಲ್ ಫುಲ್ಲರ್ ರೂಪಿಸಿದ್ದು, 56,000ಕ್ಕೂ ಹೆಚ್ಚು ಮಾರಾಟವಾದದ್ದು. ಕಮಾನಿನ ಸುತ್ತ ಗಾಜಿನ ಕೊಳವೆ. ಅದರಲ್ಲಿ ಕೊಂಚ ಬಿಸಿಗೇ ಕುದಿಯುವ ದ್ರವ. ಬುಡ ಬೆಚ್ಚಗಾದರೆ ಸಾಕು, ಬಣ್ಣದ ಗುಳ್ಳೆಗಳು ಸಾಲುಗಟ್ಟಿ ಮೇಲೇರುತ್ತವೆ. ಒಳಗೆ ಇಪ್ಪತ್ತನಾಲ್ಕೇ ರೆಕಾರ್ಡು. ಇಪ್ಪತ್ತನಾಲ್ಕು ಹಾಡಿಗೆ ಒಂದು ಒಳ್ಳೆಯ ಸೆಕೆಂಡ್‌ಹ್ಯಾಂಡ್ ಕಾರಿನ ಬೆಲೆ! ನಾನು ತಲೆಯಾಡಿಸಿ ಮುಂದೆ ಹೋಗುವವನಿದ್ದೆ. ಅಳಿಯಂದಿರು ತಡೆದು, "ಮಾವ, ಈ ರೆಕಾರ್ಡು ಯಾವುದರಲ್ಲಿ ಮಾಡಿದ್ದು ಗೊತ್ತಾ? ನಮ್ಮ ಅರಗು" ಎಂದರು.

ಅಲ್ಲಿಗೆ ನನಗೂ ಆ ಪೆಟ್ಟಿಗೆಗೂ ನೆಂಟಸ್ತಿಕೆ ಬೆಳೆಯಿತು. ಮುತ್ತುಗದ ಮರದ ಮೇಲೆ, ಎಲಚಿಯ ಮೇಲೆ ಒಂದು ಪುಟ್ಟ ಹುಳ ಗೂಡು ಕಟ್ಟುತ್ತದೆ. ಛೋಟಾನಾಗಪುರದ ಕಾಡುಗಳಲ್ಲಿ ಹೇರಳ. ಅದನ್ನು ಕೆರೆದು ಕರಗಿಸಿದರೆ ಅರಗು. ಪಾಂಡವರಿಗೆ ಮನೆ ಕಟ್ಟಿಸಿಕೊಟ್ಟದ್ದು ಅದರಲ್ಲೇ, ಚನ್ನಪಟ್ಟಣದ ಬೊಂಬೆಗಳ ಕೆಂಪು ಹಳದಿ ಮಿರುಗುವುದು ಅದರಿಂದಲೇ, ಅಂಚೆ ಕಚೇರಿಯ ಪಾರ್ಸೆಲ್ಲಿಗೆ ಒತ್ತುತ್ತಿದ್ದ ಮುದ್ರೆಯೂ ಅದರದೇ. ಅದೇ ಅರಗಿಗೆ ಕಲ್ಲಿನ ಪುಡಿ ಬೆರೆಸಿ 78 ಆರ್‌ಪಿಎಮ್ ರೆಕಾರ್ಡು ಒತ್ತುತ್ತಿದ್ದರು. ಮಹಾಯುದ್ಧದ ಕಾಲಕ್ಕೆ, 1942ರಲ್ಲಿ, ಇಂಡಿಯಾದ ಅರಗು ಹಡಗು ಹತ್ತುವುದು ಕಷ್ಟವಾದಾಗ ಅಮೆರಿಕದ ಸರ್ಕಾರ ಅದಕ್ಕೆ ರೇಷನ್ ಹಾಕಿತು. ಹಳೆಯ ರೆಕಾರ್ಡು ಮರಳಿಸಿದರಷ್ಟೇ ಹೊಸದು ಎಂದು ಅಂಗಡಿಯವರು ಕೂತರು. ಹಾಲಿನ ಬಾಟಲಿ ವಾಪಸು ಕೊಟ್ಟವರಿಗೆ ಈ ಪದ್ಧತಿ ವಿವರಿಸಬೇಕಿಲ್ಲ.

ಆದರೆ ನನ್ನ ಮನಸ್ಸು ಸೋತದ್ದು ಗುಳ್ಳೆಗಳ ಪೆಟ್ಟಿಗೆಗಲ್ಲ, ಅದರಾಚೆ ನಿಂತಿದ್ದ ಸೀಬರ್ಗ್‌ಗೆ. 1948ರಲ್ಲಿ ಈ ಕಂಪನಿ ಐವತ್ತು ರೆಕಾರ್ಡುಗಳ ಎರಡೂ ಮಗ್ಗುಲು ನುಡಿಸಿ ನೂರು ಹಾಡು ಕೊಟ್ಟಿತು. ಎರಡು ವರ್ಷದಲ್ಲಿ 45ರ ಸಣ್ಣ ರೆಕಾರ್ಡಿಗೂ ಒಗ್ಗಿಸಿಕೊಂಡಿತು. ರೆಕಾರ್ಡುಗಳು ಪುಸ್ತಕದ ಹಾಗೆ ನೆಟ್ಟಗೆ ನಿಂತಿರುತ್ತವೆ. ಹತ್ತು ಅಕ್ಷರ, ಹತ್ತು ಅಂಕಿಯ ಗುಂಡಿಗಳು. ಅಂಕಿ ಒಂದರ ಜೊತೆ ಗೊಂದಲವಾಗದಿರಲಿ ಎಂದು 'ಐ' ಅಕ್ಷರಕ್ಕೆ ರಜೆ. ಗುಂಡಿ ಒತ್ತಿದರೆ ಒಳಗಿನ ಗಾಡಿ ಹಳಿಯ ಮೇಲೆ ಹೊರಡುತ್ತದೆ, ನಮ್ಮ ರೆಕಾರ್ಡಿನ ಎದುರು ಗಕ್ಕನೆ ನಿಂತು, ಅದನ್ನೆತ್ತಿ, ನಿಲ್ಲಿಸಿಕೊಂಡೇ ನುಡಿಸುತ್ತದೆ. ಸ್ವಾರಸ್ಯ ಇರುವುದು ಇಲ್ಲಿ: ಅದು ಮೊದಲು ಕಾಸು ಹಾಕಿದವನ ಹಾಡನ್ನು ಮೊದಲು ನುಡಿಸುವುದಿಲ್ಲ. ಮದುವೆ ಮನೆಯಲ್ಲಿ ಪಾಯಸದವನು ಕರೆದವರ ಕಡೆ ತಿರುಗದೆ ಪಂಕ್ತಿಯ ತುದಿ ಮುಟ್ಟಿಯೇ ಹಿಂದಿರುಗುವಂತೆ, ಸಾಲಿನಲ್ಲಿ ಯಾವುದು ಎದುರಾಗುತ್ತದೋ ಅದನ್ನು ನುಡಿಸುತ್ತ ಹೋಗುತ್ತದೆ. ನಾನು ಒತ್ತಿದ ಹಾಡನ್ನು ಗಾಡಿ ಆಗಷ್ಟೇ ದಾಟಿತ್ತು. ನನ್ನ ಹಿಂದೆ ಬಂದ ಹುಡುಗಿಯ ಹಾಡಾಯಿತು, ಟೋಪಿಯ ತಾತನದಾಯಿತು, ಅವನ ಹೆಂಡತಿಯದೂ ಆಯಿತು. ಕಾಲು ಡಾಲರ್ ಹೂಡಿದ ಮೇಲೆ ಬಿಟ್ಟು ಹೋಗಲಾಗುತ್ತದೆಯೇ? ಕೂತು ಎಲ್ಲವನ್ನೂ ಕೇಳಿದೆ. ತಾತನ ಹಾಡು ನನ್ನದಕ್ಕಿಂತ ಚೆನ್ನಾಗಿತ್ತು.

ಮನೆಯಲ್ಲಿ ಫೋನು ಮುಟ್ಟಿದರೆ ಲಕ್ಷ ಹಾಡು ಬಿಟ್ಟಿ. ಯಾವುದನ್ನಾದರೂ ಪಲ್ಲವಿ ದಾಟಿ ಕೇಳಿದ್ದೇನೆಯೇ ಎಂದರೆ, ಎದೆ ಮುಟ್ಟಿ ಹೇಳಲಾರೆ. ಹಾಗೆಂದು ಹಳೆಯ ಕಾಲವೆಲ್ಲ ಬಂಗಾರ ಎನ್ನುವ ಪೈಕಿಯೂ ನಾನಲ್ಲ. ಈ ಪೆಟ್ಟಿಗೆಗಳು ಹಾಡು ಕಟ್ಟಿದವರಿಗೆ ಒಂದು ಬಿಲ್ಲೆಯನ್ನೂ ಕೊಡುತ್ತಿರಲಿಲ್ಲ. ಅಮೆರಿಕದ 1909ರ ಕಾಪಿರೈಟ್ ಕಾಯ್ದೆಯಲ್ಲಿ ಕಾಸಿನ ಯಂತ್ರಕ್ಕೆ ವಿನಾಯಿತಿ ಇತ್ತು. 1976ರ ಕಾಯ್ದೆ ಬರುವತನಕ ಅದು ತಪ್ಪಲಿಲ್ಲ. ಗದ್ದಲವೂ ವಿಪರೀತವಿತ್ತೆಂದು ಕಾಣುತ್ತದೆ. 1950ರ ದಶಕದಲ್ಲಿ ಜೂಕ್‌ಬಾಕ್ಸಿಗೆಂದೇ ಏನೂ ನುಡಿಯದ ರೆಕಾರ್ಡು ಬಂದಿತ್ತು. ಕಾಸು ಹಾಕಿ ಗುಂಡಿ ಒತ್ತಿದರೆ ಕೆಲವು ನಿಮಿಷ ಮೌನ. ಇದೊಂದು ಯಂತ್ರವನ್ನು ಯಾರಾದರೂ ನಮ್ಮ ಬೀದಿಯ ಗಣೇಶನ ಪೆಂಡಾಲಿನ ಪಕ್ಕ ಇಡುವುದಾದರೆ ನನ್ನ ಪಿಂಚಣಿಯಷ್ಟೂ ಚಿಲ್ಲರೆ ಮಾಡಿಸಿಕೊಂಡು ಬರಲು ಸಿದ್ಧ.

ಕೊನೆಗೆ ಕೊಂಡದ್ದು ಯಾರು ಅಂದುಕೊಂಡಿರಿ? ನಮ್ಮ ಮನೆಯಾಕೆ. ಕಡಲೆಕಾಯಿ ಬೀಜ ಕೊಡುವ ಒಂದು ಪೆನ್ನಿ ಯಂತ್ರ, ಮೇಲೆ ಗಾಜಿನ ಬುರುಡೆ, ಕೆಳಗೆ ಕೆಂಪು ಬಣ್ಣದ ಹೊಟ್ಟೆ. ಇಲಿನಾಯ್ ರಾಜ್ಯದ್ದೇ ಮಾರಿಸ್ ಎಂಬ ಊರಿನ ನಾರ್ತ್‌ವೆಸ್ಟರ್ನ್ ಕಂಪನಿಯದು. ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಪಳಗಿದ ಆಕೆ ಬೆಲೆ ಕೇಳಿದಳು, ಅರ್ಧಕ್ಕೆ ಕೇಳಿದಳು, ಮಾರುವವನು ನಕ್ಕ. ಶಾಸ್ತ್ರಪ್ರಕಾರ ಮುಖ ತಿರುಗಿಸಿ ಹೊರಟಳು. ಹಿಂದಿನಿಂದ ಯಾರೂ ಕರೆಯಲಿಲ್ಲ. ಹತ್ತು ಹೆಜ್ಜೆ ಹಾಕಿದಳು, ಇಪ್ಪತ್ತು ಹಾಕಿದಳು. "ಏನ್ರೀ ಇವನು, ವ್ಯಾಪಾರವೇ ಗೊತ್ತಿಲ್ಲ" ಎಂದು ನನ್ನ ಮೇಲೆ ಸಿಡುಕಿದಳು. ಕೊನೆಗೆ ಅಳಿಯಂದಿರು ಹೋಗಿ, ಬೀಗದ ಕೈ ಇಲ್ಲವೆಂಬ ನೆಪ ತೆಗೆದು ಹತ್ತು ಡಾಲರ್ ಇಳಿಸಿಕೊಂಡು ತಂದರು. ಆ ಹತ್ತು ಡಾಲರ್ ಬೀಗದವನಿಗೆ ಹೋಯಿತು.

ಈಗ ಅದು ಮಗಳ ಅಡುಗೆಮನೆಯ ಕಟ್ಟೆಯ ಮೇಲಿದೆ. ಮೊಮ್ಮಗ ಪೆನ್ನಿ ಹಾಕಿ ಹಿಡಿ ತಿರುಗಿಸುತ್ತಾನೆ, ಅಜ್ಜಿ ಗಲ್ಲಾಪೆಟ್ಟಿಗೆ ತೆಗೆದು ಅದೇ ಪೆನ್ನಿಯನ್ನು ಅವನಿಗೆ ಸಾಲ ಕೊಡುತ್ತಾಳೆ. ಒಳಗಿನ ಚಕ್ರ ಕಡಲೆಬೀಜದ ಅಳತೆಯದಾದ್ದರಿಂದ ಬೀಜ ಲೆಕ್ಕವಾಗಿ ಬೀಳುತ್ತದೆ, ಹುರಿಗಡಲೆ ಬೊಗಸೆಗಟ್ಟಲೆ ಸುರಿಯುತ್ತದೆ. ಕೋಡುಬಳೆಯನ್ನು ಮುರಿದು ಹಾಕಿ ನೋಡಿದ ದಿನ ಮಾತ್ರ ಅಳಿಯಂದಿರು ಸ್ಕ್ರೂಡ್ರೈವರ್ ಹಿಡಿದು ಕೂರಬೇಕಾಯಿತು.