ದಾರಕ್ಕೆ ಕಟ್ಟಿದ ಪೆನ್ನು

ಕ್ಯಾಂಪಿನ ಭದ್ರತೆ ನೋಡಿಕೊಳ್ಳುವ ಸಾಹೇಬರಿಗೆ,

ನಿನ್ನೆ ಬೆಳಗಿನ ಜಾವ ಅರಸೀಕೆರೆಯಲ್ಲಿ ರೈಲು ಹತ್ತಿ ನಿಮ್ಮ ಗೇಟಿಗೆ ಬಂದ ಮುದುಕ ನಾನು. ಮಿಲಿಟರಿ ಕ್ಯಾಂಟೀನಿನಿಂದ ಸೊಸೆಗೊಂದು ಕುಕ್ಕರು, ನನಗೆ ತಿಂಗಳ ಕೋಟಾ, ಇಷ್ಟೇ ಬೇಕಿದ್ದದ್ದು. ಎರಡೂವರೆ ಗಂಟೆ ಬಿಸಿಲಲ್ಲಿ ನಿಂತೆ. ಸ್ಮಾರ್ಟ್ ಕಾರ್ಡ್ ನೋಡಿದರು, ಆಧಾರ್ ನೋಡಿದರು, ಮೊಬೈಲು ಇಸಿದುಕೊಂಡರು, ಡಬ್ಬಿ ತೆಗೆಸಿ ಚಿತ್ರಾನ್ನ ಮೂಸಿದರು. ಆಮೇಲೆ ರಿಜಿಸ್ಟರು. ಅದರ ಪೆನ್ನನ್ನು ದಾರ ಹಾಕಿ ಮೇಜಿಗೆ ಬಿಗಿದಿದ್ದೀರಿ. ಬರೆಯುವುದಿಲ್ಲ, ಆದರೆ ಎಲ್ಲಿಗೂ ಹೋಗುವುದಿಲ್ಲ. ನನ್ನ ಪೆನ್ನು ಕೊಟ್ಟೆ. ಅದಕ್ಕೆ ದಾರ ಇರಲಿಲ್ಲ, ಹೋಯಿತು.

ಒಳಗೆ ಹೋದರೆ ಕ್ಯಾಂಟೀನಿಗೆ ಬೀಗ. ಸ್ಟಾಕ್ ಟೇಕಿಂಗ್, ಮೂರು ದಿನ ಬಂದ್. ಗೇಟಿನವನನ್ನು ಕೇಳಿದರೆ, ‘ನಮ್ದು ಚೆಕಿಂಗ್ ಡ್ಯೂಟಿ ಯಜಮಾನ್ರೇ, ಕ್ಯಾಂಟೀನ್ ಸಮಾಚಾರ ನಮಗ್ಯಾರು ಹೇಳ್ತಾರೆ’ ಎಂದ.

ಬಸ್ಸಿಗೆಂದು ಹಿಂದಿನ ರಸ್ತೆಗೆ ಸುತ್ತು ಹಾಕಿದೆ. ನಿಮ್ಮ ಗೋಡೆಯ ಕಂಡಿಯಿಂದ ಹದಿನಾಲ್ಕು ಮೇಕೆ, ಅವುಗಳ ಹಿಂದೆ ಒಬ್ಬ ಹುಡುಗ, ಆರಾಮಾಗಿ ಹೊರಗೆ ಬಂದರು. ಎಣಿಸಿದ್ದೇನೆ, ಹದಿನಾಲ್ಕು. ‘ಒಳಗೆ ಹುಲ್ಲು ಆಳೆತ್ತರ ಐತಜ್ಜ’ ಎಂದ ಹುಡುಗ. ಅವನ ಹತ್ತಿರ ಯಾರೂ ಆಧಾರ್ ಕೇಳಲಿಲ್ಲ.

ಕಡಿಮೆ ಖರ್ಚಿನಲ್ಲಿ ಕಾವಲು ಎಂದರೆ ಇದೇ ಇರಬೇಕು. ಮುಂದುಗಡೆ ಪಿಂಚಣಿದಾರನ ಚಿತ್ರಾನ್ನ ಮೂಸುವುದು, ಹಿಂದುಗಡೆ ಹುಲ್ಲನ್ನು ಮೇಕೆಗೆ ಬಿಡುವುದು. ಕೂಲಿಯೂ ಉಳಿಯಿತು.

ನಾನು ಪಲ್ಟನ್ನಿನಿಂದ ರಿಟೈರಾದ ಮೇಲೆ ಮತ್ತೆ ಡಿಎಸ್‌ಸಿ, ಅಂದರೆ ಡಿಫೆನ್ಸ್ ಸೆಕ್ಯುರಿಟಿ ಕೋರ್, ಸೇರಿ, ಕಣ್ಣೂರಿನಲ್ಲಿ ತಯಾರಾಗಿ, ಇಂಥ ಗೇಟುಗಳಲ್ಲೇ ವಯಸ್ಸು ಕಳೆದವನು. ಸರ್ಕಾರಕ್ಕೆ ನಾವು ಅಗ್ಗದ ಮಾಲು. ತರಬೇತಿ ಮೊದಲೇ ಆಗಿರುತ್ತದೆ, ಮಂಡಿ ಮಾತ್ರ ಸವೆದಿರುತ್ತದೆ.

2016ರ ಜನವರಿ 2ರಂದು ಪಠಾಣ್‌ಕೋಟ್ ವಾಯುನೆಲೆಗೆ ಉಗ್ರರು ನುಗ್ಗಿದರಲ್ಲ, ಆಗ ಸತ್ತ ನಮ್ಮವರು ಏಳು ಮಂದಿ. ಅದರಲ್ಲಿ ಐವರು ಡಿಎಸ್‌ಸಿಯವರು ಸ್ವಾಮಿ. ಅವರಲ್ಲೊಬ್ಬ ಜಗದೀಶ್ ಚಂದ್, ಕೈಯಲ್ಲಿ ಬಂದೂಕೇ ಇರಲಿಲ್ಲ. ಓಡಿ ಹಿಡಿದು, ಉಗ್ರನ ಬಂದೂಕು ಕಿತ್ತು ಅವನನ್ನೇ ಹೊಡೆದು ಸತ್ತ. ಕೀರ್ತಿ ಚಕ್ರ ಬಂತು, ಅವನಿಲ್ಲ. ದಾಳಿ ಆಗಬಹುದೆಂಬ ಸುದ್ದಿ ಮುಂಚೆಯೇ ಇತ್ತು! ಆಮೇಲೆ ಸಂಸತ್ತಿನ ಸಮಿತಿ ಹೋಗಿ ನೋಡಿ ಏನು ಬರೆಯಿತು? ಗೋಡೆಗೆ ಸರಿಯಾದ ಕಾವಲಿಲ್ಲ, ಗೋಡೆಯ ಗುಂಟ ಗಸ್ತಿಗೊಂದು ರಸ್ತೆಯಿಲ್ಲ, ಒಳಗೆಲ್ಲ ಪೊದೆ. ಪೊದೆ! ಕುಡುಗೋಲಿಗೆ ಎಷ್ಟಾಗುತ್ತದೆ? ಅದೇ ವರ್ಷ ಲೆಫ್ಟಿನೆಂಟ್ ಜನರಲ್ ಕಾಂಪೋಸ್ ಅವರ ಸಮಿತಿ ಎಲ್ಲ ನೆಲೆಗಳ ಭದ್ರತೆ ಕುರಿತು ವರದಿ ಕೊಟ್ಟಿತು. ಆದರೂ ಸೆಪ್ಟೆಂಬರಿನಲ್ಲಿ ಉರಿ ಕ್ಯಾಂಪಿಗೆ ಉಗ್ರರು ನುಗ್ಗಿ, ಮಲಗಿದ್ದವರ ಗುಡಾರಕ್ಕೇ ಬೆಂಕಿ ಬಿತ್ತು, ನವೆಂಬರಿನಲ್ಲಿ ನಗ್ರೋಟಾ ಕ್ಯಾಂಪಿನ ಮೇಲೂ ದಾಳಿ. ಆ ವರದಿಯನ್ನೂ ಯಾವುದೋ ಮೇಜಿಗೆ ದಾರ ಹಾಕಿ ಬಿಗಿದಿದ್ದರೇನೋ.

ಸೆನ್ಸರು, ಕ್ಯಾಮೆರಾ, ಸ್ಮಾರ್ಟ್ ಬೇಲಿ ಎಲ್ಲ ಹಾಕಿ, ಬೇಡ ಎನ್ನುವವನಲ್ಲ. ಆದರೆ ಆಳೆತ್ತರದ ಹುಲ್ಲಿನಲ್ಲಿ ಕ್ಯಾಮೆರಾ ಇಟ್ಟರೆ ಹುಲ್ಲಿನ ಫೋಟೋ ಬರುತ್ತದೆ. ಅದನ್ನು ನೋಡುತ್ತ ಕೂರುವವನು ನನ್ನ ವಯಸ್ಸಿನವನೇ, ಕಣ್ಣಿಗೆ ಪೊರೆ ಬಂದವನು. ಗೇಟಿನಲ್ಲಿ ಚಿತ್ರಾನ್ನ ಕಾಯುವ ನಾಲ್ವರಲ್ಲಿ ಇಬ್ಬರನ್ನು ಗೋಡೆಯ ಗುಂಟ ಸುತ್ತಾಡಿಸಿ. ಟಾರ್ಚ್ ಕೊಡಿ, ಬ್ಯಾಟರಿ ಸಮೇತ ಕೊಡಿ. ಇಷ್ಟಕ್ಕೆ ಟೆಂಡರ್ ಬೇಕೇ?

ಮೂರು ದಿನ ಕಳೆದ ಮೇಲೆ ಮತ್ತೆ ಬರುತ್ತೇನೆ, ಕುಕ್ಕರು ಬೇಕೇ ಬೇಕಂತೆ. ಮನೆಯ ಕುಡುಗೋಲು ತರೋಣವೆಂದಿದ್ದೆ, ನಿಮ್ಮ ಗೇಟಿನಲ್ಲಿ ಬಿಡುವುದಿಲ್ಲ. ಮೇಕೆ ಕಂಡಿಯಿಂದ ಬಂದರೆ ನಡೆಯುತ್ತದೆಯೇ, ತಿಳಿಸಿ.

ಇಂತಿ,
ನಿಮ್ಮ ರಿಜಿಸ್ಟರಿನಲ್ಲಿ ಹೆಸರಿರುವ ಮಾಜಿ ಹವಿಲ್ದಾರ

ಮತ್ತೆ: ನನ್ನ ಪೆನ್ನು ನೀಲಿ ಬಣ್ಣದ್ದು, ಮುಚ್ಚಳ ಕಚ್ಚಿದ ಗುರುತಿದೆ.