ಮೂರು ಕಾಲಿನ ಸಾವಕಾರ್ರು

ಸುಗ್ಗಿಯ ಹೊತ್ತಿನಲ್ಲಿ ಕಾರಟಗಿಯ ಅಡತಿ ಅಂಗಡಿಯ ಗಾದಿಯ ಮೇಲೆ ಸಾವಕಾರ್ರು ಕಾಣಲಿಲ್ಲ ಎಂದರೆ ಮೂರು ಕಾರಣಗಳಿರಬಹುದು. ಒಂದು ಆಸ್ಪತ್ರೆ, ಇನ್ನೊಂದು ಮದುವೆ, ಮತ್ತೊಂದು ಮೋಡ. ಮೊದಲಿನ ಎರಡನ್ನು ನೆಲ್ಲು ತಂದ ರೈತರು ಒಪ್ಪುತ್ತಾರೆ. ಮೂರನೆಯದು ಈಚಿನ ರೋಗ. "ಎಲ್ಲ್ಯದಾರಪ್ಪ ಸಾವಕಾರ್ರು?" ಎಂದು ಕೇಳಿದರೆ ಗುಮಾಸ್ತ ಖಾತೆ ಪುಸ್ತಕದಿಂದ ತಲೆ ಎತ್ತದೆ, "ಮಾಡ ಆಗೈತ್ರಿ, ಗುಡ್ಡಕ್ಕ ಹೋಗ್ಯಾರ" ಎನ್ನುತ್ತಾನೆ. ಮಳೆ ಬರುವ ಲಕ್ಷಣ ಕಂಡರೆ ಊರೆಲ್ಲ ನೆಲ್ಲಿನ ರಾಶಿಗೆ ತಾಡಪಾಲು ಮುಚ್ಚಲು ಓಡುತ್ತದೆ. ಇವರು ಕ್ಯಾಮೆರಾದ ಮುಚ್ಚಳ ತೆಗೆಯಲು ಓಡುತ್ತಾರೆ.

ಊರಲ್ಲಿ ಇವರಿಗೆ ಟ್ರೈಪಾಡ್ ಸಾವಕಾರ್ರು ಎಂದು ಹೆಸರು. ಗಂಗಾವತಿಯಲ್ಲೂ ಇಂಥವರಿದ್ದಾರೆ, ಸಿಂಧನೂರಲ್ಲೂ ಇದ್ದಾರೆ, ಹೊಸಪೇಟೆಯಲ್ಲಿ ಎಷ್ಟು ಮಂದಿಯೋ ಲೆಕ್ಕ ಇಟ್ಟವರಿಲ್ಲ. ವಯಸ್ಸು ಐವತ್ತರ ಆಚೀಚೆ. ಅಪ್ಪ ಕಟ್ಟಿದ ಮಿಲ್ಲು, ಮಗ ನಡೆಸುವ ಮಿಲ್ಲು, ನಡುವೆ ಇವರು. ಸಕ್ಕರೆ ಕಾಯಿಲೆ ಬಂದಾಗ ಡಾಕ್ಟರು ದಿನಾ ಬೆಳಿಗ್ಗೆ ನಡೆಯಿರಿ ಎಂದರು. ಬರಿಗೈಯಲ್ಲಿ ನಡೆಯುವುದು ವ್ಯಾಪಾರಸ್ಥರ ಜಾಯಮಾನವಲ್ಲ, ಒಂದು ಕ್ಯಾಮೆರಾ ಹಿಡಿದು ಹೊರಟರು. ಮೊದಮೊದಲು ಗುಬ್ಬಿ, ದಾಸವಾಳ, ಮಗಳ ಮಗು. ಆಮೇಲೊಂದು ರಾತ್ರಿ ಯೂಟ್ಯೂಬಿನಲ್ಲಿ ಬಿಳಿಯನೊಬ್ಬ ಹಿಮದಲ್ಲಿ ಒಬ್ಬನೇ ಡೇರೆ ಹಾಕಿ, ಕಾಫಿ ಕಾಸಿಕೊಂಡು, ಒಂದು ಬೆಟ್ಟದ ಮೇಲೆ ಬೆಳಕು ಬೀಳಲೆಂದು ದಿನಗಟ್ಟಲೆ ಕಾದದ್ದನ್ನು ನೋಡಿದರು. ಮಿಲ್ಲಿನ ಕಥೆ ಅಲ್ಲಿಗೆ ಮುಗಿಯಿತು.

ಈಗ ಅವರ ಪ್ಯಾಂಟಿಗೆ ಎಣಿಸಲಾಗದಷ್ಟು ಜೇಬು. ಫಿಲ್ಟರು ಯಾವ ಜೇಬಿನಲ್ಲಿದೆ ಎಂದು ಹುಡುಕುವಷ್ಟರಲ್ಲಿ ಸೂರ್ಯ ಮುಳುಗಿರುತ್ತಾನೆ. ಮೇ ತಿಂಗಳಲ್ಲಿ, ನಾಯಿಗಳೂ ಕಾಲುವೆಗಿಳಿದು ಕೂತಿರುವಾಗ, ಹಿಮಾಲಯದ ಸ್ಪಿತಿ ಕಣಿವೆಗೆಂದು ಕೊಂಡ ದಪ್ಪ ಜಾಕೆಟ್ಟು ತೊಟ್ಟು ಹೊರಡುತ್ತಾರೆ. ಯಾಕೆಂದು ಕೇಳಿದರೆ, "ರೂಢಿ ತಪ್ಪಬಾರದ್ರಿ" ಎಂಬ ಉತ್ತರ.

ಅವರಿಗೆ ಬೇಕಾದದ್ದು ಇಷ್ಟೇ: ಮನುಷ್ಯನ ಕುರುಹಿಲ್ಲದ ನೆಲ. ಹುಟ್ಟಿದ್ದು ಮಾತ್ರ ಕಾರಟಗಿಯಲ್ಲಿ. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿದು, ಎಡದಂಡೆ ನಾಲೆಯ ನೀರು ಈ ಕಡೆ ಹರಿದ ಮೇಲೆ ಇಲ್ಲಿಯ ಕುರುಚಲು ಹೋಯಿತು, ಆಂಧ್ರದಿಂದ ಬಂದವರ ಕ್ಯಾಂಪುಗಳು ಎದ್ದವು, ಒಂದೊಂದು ಮಡಿಯನ್ನೂ ಯಾರೋ ಒಬ್ಬರು ಬೆವರು ಸುರಿಸಿ ಸಮ ಮಾಡಿದರು. ಕಣ್ಣು ಹಾಯುವಷ್ಟು ದೂರ ಹಸಿರು. ಬೇರೆ ಊರಿನವರು ಕಾರು ನಿಲ್ಲಿಸಿ ಮೊಬೈಲಿನಲ್ಲಿ ತೆಗೆದುಕೊಂಡು ಹೋಗುವ ಆ ಹಸಿರು ಸಾವಕಾರ್ರ ಕಣ್ಣಿಗೆ ಬೀಳುವುದೇ ಇಲ್ಲ. ಅವರಿಗೆ ಅದು ದಾಸ್ತಾನು. ಎಕರೆಗೆ ಎಷ್ಟು ಚೀಲ ಎಂಬ ಲೆಕ್ಕ ಬಂದುಬಿಡುತ್ತದಂತೆ, ಕಲೆ ಹಾರಿಹೋಗುತ್ತದಂತೆ. ಊರಾಚೆಯ ಸೂರ್ಯಾಸ್ತವನ್ನು ಮಾತ್ರ ಒಪ್ಪುತ್ತಾರೆ. "ಇಂಥಾ ಕೆಂಪು ಲಡಾಖದಾಗೂ ಇಲ್ಲ" ಎನ್ನುತ್ತಾರೆ. ಆ ಕೆಂಪಿನಲ್ಲಿ ಅವರದೇ ಮಿಲ್ಲಿನ ಹೊಟ್ಟಿನ ಬೂದಿಯ ಪಾಲೆಷ್ಟು ಎಂದು ಕೇಳಿದರೆ ಲೆನ್ಸ್ ಒರೆಸತೊಡಗುತ್ತಾರೆ.

ನಮ್ಮ ಕಡೆ ಒಂದು ಮಾತಿದೆ: ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು. ಮೂರು ಕಾಲಿದ್ದವರು ಏನು ನೋಡಬೇಕು ಎಂಬುದನ್ನು ಹಿರಿಯರು ಹೇಳಿಲ್ಲ. ಹಂಪಿಯ ಸಂರಕ್ಷಿತ ಗುಡಿಗಳೊಳಗೆ ಪುರಾತತ್ವ ಇಲಾಖೆಯ ಅನುಮತಿ ಇಲ್ಲದೆ ಟ್ರೈಪಾಡ್ ಊರುವಂತಿಲ್ಲ. ಕಾವಲುಗಾರ ಬಲು ವಿನಯದಿಂದ ಹೇಳಿದ, "ನೀವು ಹೋಗ್ರಿ ಸಾವಕಾರ್ರ, ಅದನ್ನ ಇಲ್ಲೇ ಬಿಡ್ರಿ." ಸಾವಕಾರ್ರು ಅದನ್ನು ಬಿಟ್ಟು ಹೋಗಲಿಲ್ಲ. ಅದರ ಜೊತೆ ಹೊರಗೇ ಕೂತು ಒಗ್ಗರಣಿ-ಮಿರ್ಚಿ ತಿಂದು ಬಂದರು.

ಅಡತಿ ಅಂಗಡಿಯ ಗೋಡೆಯ ಮೇಲೆ ಮೂರು ಪಟಗಳಿವೆ. ಲಕ್ಷ್ಮಿ, ತೀರಿಕೊಂಡ ತಂದೆ, ಮತ್ತು ಅಮೆರಿಕದ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್. ಬಿಳಿ ಗಡ್ಡ, ತಲೆಗೆ ಅಗಲ ಟೊಪ್ಪಿಗೆ. ಅಂಗಡಿಯ ಹುಡುಗ ಭೇದ ಮಾಡದೆ ಮೂವರಿಗೂ ಊದಿನಕಡ್ಡಿ ಬೆಳಗುತ್ತಾನೆ. ಕುಷ್ಟಗಿ ಕಡೆಯಿಂದ ಬಂದ ರೈತರೊಬ್ಬರು ಕೈ ಮುಗಿದು, "ಇವರು ಯಾವ ಮಠದ ಅಜ್ಜಾರ್ರಿ?" ಎಂದು ಕೇಳಿದ್ದುಂಟು. ಸಾವಕಾರ್ರು ತಿದ್ದಲಿಲ್ಲ. ಅವರ ಮಟ್ಟಿಗೆ ಅದು ತಪ್ಪೂ ಅಲ್ಲ.

ಆ ಅಜ್ಜಾರ ಪವಾಡಗಳನ್ನು ಸಾವಕಾರ್ರ ಬಾಯಿಂದಲೇ ಕೇಳಬೇಕು. 1927ರಲ್ಲಿ ಯೊಸೆಮಿಟಿಯ ಹಾಫ್ ಡೋಮ್ ಬಂಡೆಯ ಮುಂದೆ ಕೊನೆಗುಳಿದ ಒಂದೇ ಗಾಜಿನ ಪ್ಲೇಟಿಗೆ ಕಡುಗೆಂಪು ಫಿಲ್ಟರ್ ಹಾಕಿ ಆಕಾಶವನ್ನು ಕಪ್ಪಾಗಿಸಿದ್ದು. 1941ರಲ್ಲಿ ನ್ಯೂ ಮೆಕ್ಸಿಕೋದ ಹೆರ್ನಾಂಡೆಜ್ ಎಂಬ ಹಳ್ಳಿಯ ಮೇಲೆ ಚಂದ್ರ ಏರುತ್ತಿದ್ದಾಗ ಲೈಟ್ ಮೀಟರ್ ಕೈಗೆ ಸಿಗದೆ, ಚಂದ್ರನ ಪ್ರಕಾಶ ಎಷ್ಟೆಂಬುದನ್ನು ನೆನಪಿನಿಂದಲೇ ತೆಗೆದು ಲೆಕ್ಕ ಹಾಕಿದ್ದು. ನಾನು ಒಮ್ಮೆ ಬಾಯಿ ಹಾಕಿದೆ. ಹಾಫ್ ಡೋಮಿನ ದಿನ ಆಡಮ್ಸ್ ಒಬ್ಬರೇ ಹೋಗಿರಲಿಲ್ಲ. ಮದುವೆಯಾಗಲಿದ್ದ ಹುಡುಗಿಯೂ ಗೆಳೆಯರೂ ಜೊತೆಗೆ ಹತ್ತಿದ್ದರು. ಇನ್ನು ಆ ಚಂದ್ರೋದಯದ ಚಿತ್ರದಲ್ಲಿ ಮನೆಗಳಿವೆ, ಚರ್ಚಿದೆ, ಸ್ಮಶಾನದ ಶಿಲುಬೆಗಳಿವೆ, ಅದು ನಿರ್ಜನ ಹೇಗಾದೀತು? ಸಾವಕಾರ್ರು ನನ್ನನ್ನು ಬಾಕಿದಾರನನ್ನು ನೋಡಿದಂತೆ ನೋಡಿ, "ಮನಿ ಅದಾವ ಖರೆ. ಮಂದಿ ಹೊರಗ ಬಂದಾರೇನ್ರಿ?" ಎಂದರು.

ಮನೆಯಲ್ಲಿ ಖರ್ಚಿನ ಮಾತು ಬಂದಾಗ ಅವರು ಹೊರತೆಗೆಯುವ ಅಸ್ತ್ರ ಬೇರೆ. ಅದು ಹೊಳೆಯಾಚೆಯ ಸಂಡೂರಿನ ಎಂ. ವೈ. ಘೋರ್ಪಡೆ. ರಾಜಮನೆತನದವರು, ದೇವರಾಜ ಅರಸರ ಸಂಪುಟದಲ್ಲಿ ಹಣಕಾಸು ಮಂತ್ರಿ, ಅದೇ ಕೈಯಲ್ಲಿ ದೇಶಕ್ಕೆ ಹೆಸರಾದ ವನ್ಯಜೀವಿ ಛಾಯಾಗ್ರಾಹಕ. "ರಾಜ್ಯದ ಬಜೆಟ್ ನೋಡಿಕೋತನ ಅವರು ಫೋಟೋ ತಗದಾರ. ನಾ ಒಂದು ಮಿಲ್ಲು ನೋಡಿಕೋತ ತಗದ್ರ ಏನಾತು?"

ಸಾವಕಾರ್ರ ಹೆಂಡತಿ ಅಕ್ಕಾರು ಒಳಗಿನಿಂದಲೇ ಹೇಳಿದರು, "ಅವರು ಬಜೆಟ್ ಮಂಡಿಸಿದ್ರು. ನೀವು ಆ ಹೊಸ ಲೆನ್ಸಿನ ಲೆಕ್ಕ ಇನ್ನಾ ಮಂಡಿಸಿಲ್ರಿ."

ಸ್ಪಿತಿಯ ಯಾತ್ರೆಯನ್ನು ಇಲ್ಲಿ ಉದ್ದ ಮಾಡುವುದಿಲ್ಲ. ಜಗತ್ತಿನ ಕೊನೆ ಎಂದು ಕರೆದೊಯ್ದ ಚಂದ್ರತಾಲ್ ಸರೋವರದ ದಂಡೆಯ ಮೇಲೆ ಟ್ರೈಪಾಡಿನ ಕಾಲುಗಳು ಒಂದರೊಳಗೊಂದು ಸಿಕ್ಕಿಕೊಂಡಿದ್ದವು. ಪಕ್ಕದಲ್ಲಿದ್ದವರು ದಾವಣಗೆರೆಯವರು, ಅಕ್ಕಿಯ ದರ ಕೇಳಿದರು. ಎಲ್ಲರೂ ಒಂದೇ ಚಿತ್ರ ತೆಗೆದುಕೊಂಡು, ಎಲ್ಲರೂ ಅದಕ್ಕೆ 'ಏಕಾಂತ' ಎಂದು ಹೆಸರಿಟ್ಟು, ಮನೆಗೆ ಬಂದರು.

ಆದ್ದರಿಂದ ಮರಳಿ ನಮ್ಮ ಗುಡ್ಡಗಳೇ ಗತಿ. ಗಂಗಾವತಿಯಾಚೆ ಹಿರೇಬೆಣಕಲ್ಲಿನ ಮೋರೇರ ಗುಡ್ಡ ಅವರ ಯೊಸೆಮಿಟಿ. ಎರಡು ಸಾವಿರ ವರ್ಷಕ್ಕೂ ಹಿಂದಿನ ಕಲ್ಮನೆಗಳು, ಸುಮಾರು 400 ಸಮಾಧಿ ರಚನೆಗಳು, ಬಡಿದರೆ ಬಲು ದೂರ ಕೇಳುವ ನಗಾರಿ ಗುಂಡು. ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೂ 2021ರಲ್ಲಿ ಸೇರಿತು. ಅಷ್ಟು ಕಾಲದಿಂದ ಮನುಷ್ಯರು ಮನೆ ಕಟ್ಟಿ, ಸತ್ತವರನ್ನು ಮಲಗಿಸಿ, ನಗಾರಿ ಬಾರಿಸಿದ ಜಾಗವನ್ನು ಹುಡುಕಿ ಹಿಡಿದು, ಅಲ್ಲಿ ಮನುಷ್ಯರಿಲ್ಲದ ಚಿತ್ರ ತೆಗೆಯುತ್ತೇನೆ ಎನ್ನುವ ಧೈರ್ಯ ಎಲ್ಲರಿಗೂ ಬರುವುದಿಲ್ಲ. ತುದಿಗೆ ಹತ್ತಿದಾಗ ಇನ್ನೊಂದು ತೊಂದರೆ: ಕಾರಟಗಿಯ ಅಂಗಡಿಯಲ್ಲಿ ಒಂದು ಕಡ್ಡಿ ಸಿಗ್ನಲ್ ಇದ್ದರೆ ಅಲ್ಲಿ ನಾಲ್ಕು. ಆಕಾಶಗಂಗೆಯ ಚಿತ್ರಕ್ಕೆಂದು ನಸುಕಿನ ಮೂರಕ್ಕೆ ಕತ್ತಲಲ್ಲಿ ಉಸಿರು ಬಿಗಿಹಿಡಿದು ನಿಂತಿರುವಾಗ ಜೇಬಿನೊಳಗೆ ಫೋನು ಬೆಳಗಿ, ಮಿಲ್ಲಿನ ಹುಡುಗನ ದನಿ ಕಣಿವೆಗೆಲ್ಲ ಕೇಳುತ್ತದೆ: "ಸಾವಕಾರ್ರ, ಬಾಯ್ಲರ್ ಬಂದ್ ಆಗೈತ್ರಿ!"

ಅಲ್ಲೇ ಅವರಿಗೆ ಒಬ್ಬ ಕುರಿಗಾಹಿ ಅಜ್ಜ ಗಂಟುಬಿದ್ದದ್ದು. ದಾರಿ ತೋರಿಸಿದವನು ಅವನೇ, ನೀರು ಕೊಟ್ಟವನು ಅವನೇ, ಬ್ಯಾಗು ಹೊತ್ತವನು ಅವನ ಮೊಮ್ಮಗ. ಚಿತ್ರದೊಳಗೆ ಮಾತ್ರ ಅವರಿಗೆ ಪ್ರವೇಶವಿಲ್ಲ.

"ಅಜ್ಜಾ, ಒಂಚೂರು ಆಕಡಿ ಸರಿ."

"ನಾ ಸರೀತೀನ್ರಿ ಸಾವಕಾರ್ರ. ಕುರಿಗೆ ಯಾರು ಹೇಳಬೇಕು?"

ಸಾವಕಾರ್ರು ಶಾಸ್ತ್ರದ ಮೊರೆ ಹೋದರು. ಹತ್ತು ಸ್ಟಾಪಿನ ಎನ್‌ಡಿ ಫಿಲ್ಟರ್ ಎಂಬ ಕಪ್ಪು ಗಾಜು ಬೆಳಕನ್ನು ಸಾವಿರ ಪಾಲು ತಗ್ಗಿಸುತ್ತದೆ. ಸೆಕೆಂಡಿನ ಮೂವತ್ತರಲ್ಲೊಂದು ಪಾಲಿನಲ್ಲಿ ಮುಗಿಯುವ ಚಿತ್ರಕ್ಕೆ ಆಗ ಮೂವತ್ತು ಸೆಕೆಂಡು ಬೇಕು. ಅಷ್ಟು ಹೊತ್ತು ಕಣ್ಣು ತೆರೆದ ಕ್ಯಾಮೆರಾದಲ್ಲಿ ಓಡಾಡುವವರು ಉಳಿಯುವುದೇ ಇಲ್ಲ, ಗಾಳಿಯಲ್ಲಿ ಕರಗಿಹೋಗುತ್ತಾರೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಮೇಣ ಸವರಿದ ಕಾಗದದ ನೆಗೆಟಿವ್‌ಗಳಲ್ಲಿ ಹಂಪಿಯನ್ನು ಹಿಡಿದದ್ದು ಇಂಥ ದೀರ್ಘ ತಾಳ್ಮೆಯಿಂದಲೇ. ಸಾವಕಾರ್ರು ಗಾಜು ಸಿಕ್ಕಿಸಿ, ಗುಂಡಿ ಒತ್ತಿ, ಕಣ್ಣು ಮುಚ್ಚಿ ಮೂವತ್ತು ಎಣಿಸಿದರು.

ಪರದೆಯಲ್ಲಿ ಮೋಡ ರೇಷ್ಮೆಯ ಹಾಗೆ ಎಳೆದಿತ್ತು. ಹುಲ್ಲು ಮಸುಕು, ಕುರಿಗಳು ಬಿಳಿಯ ಹೊಗೆ. ನಟ್ಟನಡುವೆ, ಕೋಲಿಗೆ ಗದ್ದ ಊರಿ, ಕಂಬಳಿಯ ಒಂದೊಂದು ಎಳೆಯೂ ಎಣಿಸುವಷ್ಟು ಸ್ಪಷ್ಟವಾಗಿ ಅಜ್ಜ. ಕುರಿ ಕಾಯುವವರ ನಿಲುವೇ ಅದು. ಮೂವತ್ತು ಸೆಕೆಂಡಲ್ಲ, ಮೂವತ್ತು ನಿಮಿಷ ಬೇಕಾದರೂ ಅಲುಗುವುದಿಲ್ಲ. ನನಗೆ ಕೇಳಿದರೆ ಸಾವಕಾರ್ರು ಜೀವಮಾನದಲ್ಲಿ ತೆಗೆದ ಅತ್ಯುತ್ತಮ ಚಿತ್ರ ಅದು. ಅವರು ಅಲ್ಲೇ ಅಳಿಸಿಬಿಟ್ಟರು.

ಬಂಕಾಪುರದ ಮಾತೂ ಹೀಗೆಯೇ. ಗಂಗಾವತಿ ತಾಲ್ಲೂಕಿನ ಆ 332 ಹೆಕ್ಟೇರ್ ಕುರುಚಲು ತೋಳಗಳಿಗೆಂದೇ ವನ್ಯಧಾಮವಾಗಿದೆ. ತೋಳದ ನೆರಳು ಬೆಟ್ಟದ ಅಂಚಿನ ಮೇಲೆ ಬೀಳುವ ಚಿತ್ರಕ್ಕೆ ಸಾವಕಾರ್ರು ಯಾರ ಯಾರಿಗೋ ಅರ್ಜಿ ಹಾಕುತ್ತಿದ್ದರು. ಅಜ್ಜನಿಗೆ ನಗು ತಡೆಯಲಿಲ್ಲ. "ತ್ವಾಳ ನೋಡಾಕ ಅರ್ಜಿ ಯಾಕ್ರಿ? ಅಮಾಸಿ ರಾತ್ರಿ ನಮ್ಮ ಹಟ್ಟಿಗೆ ಬರ್ರಿ. ಪುಕ್ಕಟೆ. ಮರಿ ಮಾತ್ರ ನಿಮ್ಮ ಲೆಕ್ಕಕ್ಕ."

ಇನ್ನು 2024ರ ಆಗಸ್ಟ್ 10ರ ರಾತ್ರಿ. ತುಂಗಭದ್ರಾ ಅಣೆಕಟ್ಟಿನ 19ನೇ ಕ್ರೆಸ್ಟ್ ಗೇಟು ಕೊಚ್ಚಿಹೋಯಿತು. ತುಂಬಿದ ಜಲಾಶಯ ಕಣ್ಣೆದುರೇ ಖಾಲಿಯಾಗತೊಡಗಿತು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ತಂಡ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆ ಇಳಿಸಿ ನೀರು ತಡೆಯುವವರೆಗೆ ಕಾರಟಗಿಯಲ್ಲಿ ಯಾರಿಗೂ ನಿದ್ದೆಯಿಲ್ಲ. ನಾಟಿ ಮಾಡಿದ ನೆಲ್ಲಿಗೆ ನೀರು ಉಳಿದೀತೇ, ಎರಡನೇ ಬೆಳೆಯ ಗತಿಯೇನು ಎಂಬುದೇ ಮಾತು. ಸಾವಕಾರ್ರಿಗೂ ನಿದ್ದೆಯಿಲ್ಲ. ಸುದ್ದಿ ಕೇಳಿದ್ದೇ ಮುನಿರಾಬಾದಿಗೆ ಕಾರು ಓಡಿಸಿದ್ದರು. ಅಕ್ಕಾರು ಫೋನು ಮಾಡಿ, "ಹೆಂಗೈತ್ರಿ ಅಲ್ಲಿ?" ಎಂದು ಗಾಬರಿಯಿಂದ ಕೇಳಿದರೆ ಈ ಕಡೆಯಿಂದ ಉತ್ತರ, "ಟೆಕ್ಸ್ಚರ್ ಭಾರಿ ಐತಿ." ಮಿಲ್ಲಿಗೆ ನೆಲ್ಲು ಬರದಿದ್ದರೆ ಏನು ಮಾಡುತ್ತೀರಿ ಎಂದು ನಾನು ಕೇಳಿದ್ದಕ್ಕೆ, ಹಿನ್ನೀರು ಬತ್ತಿದರೆ ಬಿರುಕುಬಿಟ್ಟ ನೆಲ ಸಿಗುತ್ತದೆ, ಅಗಲ ಲೆನ್ಸಿಗೆ ಅದಕ್ಕಿಂತ ಒಳ್ಳೆಯ ಮುನ್ನೆಲೆ ಇಲ್ಲ ಎಂದರು. ಅಲ್ಲಿದ್ದ ರೈತರಿಗೆ ಈ ಮಾತು ಅರ್ಥವಾಗದ್ದು ಪುಣ್ಯ.

ಆ ಹೊತ್ತಿಗೆ ಆಗಸ್ಟ್ 19 ಹತ್ತಿರವಿತ್ತು. 1839ರಲ್ಲಿ ಡಗೇರೋಟೈಪ್ ವಿಧಾನವನ್ನು ಪ್ಯಾರಿಸ್ಸಿನಲ್ಲಿ ಜಗತ್ತಿನ ಮುಂದೆ ಬಿಚ್ಚಿಟ್ಟ ದಿನ, ಈಗ ವಿಶ್ವ ಛಾಯಾಗ್ರಹಣ ದಿನ. ಕಲ್ಯಾಣ ಮಂಟಪ ಬಾಡಿಗೆ ಹಿಡಿದು ಸಾವಕಾರ್ರು ಪ್ರದರ್ಶನ ಇಟ್ಟರು. ಗೋಡೆಯುದ್ದಕ್ಕೂ ಬಂಡೆ, ಮೋಡ, ಮತ್ತೆ ಬಂಡೆ. ಬಂದವರು ಉಪ್ಪಿಟ್ಟು ತಿಂದು, ಒಂದು ಸುತ್ತು ಹಾಕಿ, "ಊರಾಗ ಯಾರೂ ಸಿಗಲಿಲ್ಲೇನ್ರಿ?" ಎಂದು ಮರುಕದಿಂದ ಕೇಳಿ ಹೋಗುತ್ತಿದ್ದರು.

ಮಧ್ಯಾಹ್ನ ಕನಕಗಿರಿ ಕಡೆಯ ಹಳ್ಳಿಯ ಒಬ್ಬ ಅಮ್ಮ ಮೊಮ್ಮಗಳ ಕೈ ಹಿಡಿದು ಬಂದಳು. ಒಂದು ಚಿತ್ರದ ಮುಂದೆ ಕನ್ನಡಕ ಏರಿಸಿ ನಿಂತಳು. "ಇದು ನಮ್ಮೂರ ಗುಡ್ಡ ಅಲ್ಲೇನ? ಹೌದು, ನಮ್ಮೂರ ಗುಡ್ಡನ. ಮತ್ತ ಮ್ಯಾಲಿನ ಹಣಮಪ್ಪನ ಗುಡಿ ಎಲ್ಲೈತಿ?"

ಸಾವಕಾರ್ರು ಗಂಟಲು ಸರಿಮಾಡಿಕೊಂಡರು. ಗುಡಿಯ ಕೆಂಪು-ಹಸಿರು ಬಣ್ಣ ನಿಸರ್ಗಕ್ಕೆ ಹೊಂದುವುದಿಲ್ಲವೆಂದು ಕಂಪ್ಯೂಟರಿನಲ್ಲಿ ತೆಗೆದಿದ್ದನ್ನು ಹೇಗೆ ಹೇಳುವುದು? "ಅದನ್ನ ತಗದೀನ್ರಿ ಯಮ್ಮಾ" ಎಂದುಬಿಟ್ಟರು.

"ತಗದೀರಿ? ಗುಡಿ?"

ಆಮೇಲೆ ನಡೆದದ್ದಕ್ಕೆ ಮೊಬೈಲ್ ಸಿಗ್ನಲ್ಲೂ ಬೇಕಾಗಲಿಲ್ಲ. ಸಂಜೆಯೊಳಗೆ ಆ ಊರಿಗೆ ತಲುಪಿದ ಸುದ್ದಿಯ ಪ್ರಕಾರ ಕಾರಟಗಿಯ ಮಿಲ್ಲಿನ ಸಾವಕಾರ್ರೊಬ್ಬರು ಗ್ರಾನೈಟ್ ಕ್ವಾರಿಗಾಗಿ ಗುಡಿ ಕೆಡವಿಸಿದ್ದರು, ಫೋಟೋ ಸಾಕ್ಷಿ ಕಲ್ಯಾಣ ಮಂಟಪದಲ್ಲಿತ್ತು. ಒಂದು ಟ್ರ್ಯಾಕ್ಸ್ ಗುಡ್ಡಕ್ಕೆ ಹೋಗಿ ನೋಡಿತು, ಗುಡಿ ಇತ್ತು, ಹಣಮಪ್ಪನೂ ಇದ್ದ. ಎರಡು ಟ್ರ್ಯಾಕ್ಸ್ ಕಾರಟಗಿಗೆ ಬಂದವು. ಹಿರಿಯರು ಕೂತು, ಉಳಿದ ಉಪ್ಪಿಟ್ಟು ತಿಂದು, ತೀರ್ಮಾನ ಮಾಡಿದರು: ಸಾವಕಾರ್ರು ಗುಡಿಗೆ ಹೊಸದಾಗಿ ಬಣ್ಣ ಹೊಡೆಸಬೇಕು, ಬರುವ ವರ್ಷದ ಕ್ಯಾಲೆಂಡರಿಗೆ ಗುಡಿಯ ಫೋಟೋ ತಾವೇ ತೆಗೆದುಕೊಡಬೇಕು.

ಬಣ್ಣವೇನೋ ಹೊಡೆಸಿದರು. ಮೊದಲಿಗಿಂತ ಕೆಂಪು, ಮೊದಲಿಗಿಂತ ಹಸಿರು. ಫೋಟೋದ ದಿನ ಸಾವಕಾರ್ರು ಬೆಳಕು ನೋಡಿ ಆರಿಸಿಕೊಂಡದ್ದು ಬೆಳಗಿನ ಆರು ಗಂಟೆ, ಕಮಿಟಿಯವರು ಬಂದದ್ದು ಹನ್ನೆರಡಕ್ಕೆ. ಗುಡಿಯ ಮುಂದೆ ಅಧ್ಯಕ್ಷರು, ಮಾಜಿ ಅಧ್ಯಕ್ಷರು, ಪೂಜಾರಿ, ಪಂಚಾಯ್ತಿ ಮೆಂಬರುಗಳು, ಅವರ ಮಕ್ಕಳು, ಬಣ್ಣ ಹೊಡೆದವರು, ಟ್ರ್ಯಾಕ್ಸಿನ ಡ್ರೈವರು, ಎಲ್ಲರೂ ಸಾಲಾಗಿ ನಿಂತರು. ಗುಡಿಯೇ ಕಾಣದಷ್ಟು ಮಂದಿ. ಸಾವಕಾರ್ರು ಬೆವರೊರೆಸಿಕೊಂಡು, ಟ್ರೈಪಾಡ್ ಊರಿ, ಗುಂಡಿ ಒತ್ತಿದರು. ಅಧ್ಯಕ್ಷರು ಬಂದು ಪರದೆಯನ್ನು ಬಹಳ ಹೊತ್ತು ನೋಡಿದರು.

"ಚಲೋ ಬಂದೈತ್ರಿ ಸಾವಕಾರ್ರ. ಆದ್ರ ಹಿಂದಿನ ಗುಡ್ಡ ಭಾಳ ಆತು. ನಿಮಗ ಅಳಸಾಕ ಬರ್ತೈತೆಲ್ಲ, ಅದನ್ನಷ್ಟ ತಗದಬಿಡ್ರಿ."